ಹಿಡಿ ಅಕ್ಕಿಯ ಸುಗುಣಾಬಾಯಿ

ಸುಗುಣಾಬಾಯಿ ಮಧ್ವರಾಜ ಯಾರನ್ನೂ ದ್ವೇಷಿಸಿದವಳಲ್ಲ. ದ್ವೇಷಿಸಬೇಕಾದರೆ ಎದುರಿನವರಿಗೆ ಏನಾದರೂ ಯೋಗ್ಯತೆ ಇರಬೇಕು. ಮದುವೆಯಾಗಿ ಮದರಾಸಿಗೆ ಬಂದ ಮೇಲೆ ಅಂಥವರೊಬ್ಬರೂ ಆಕೆಯ ಕಣ್ಣಿಗೆ ಬೀಳಲಿಲ್ಲ. ಕೋಡಂಬಾಕ್ಕಂನ ಆಕೆಯ ಮನೆಯೆದುರಿನ ಚಹಾದಂಗಡಿಯಲ್ಲಿ, ಸಿನಿಮಾ ಸ್ಟುಡಿಯೋದಿಂದ ಹೊರಬಿದ್ದ ರಾಜಮಹಾರಾಜರು ಕಿರೀಟವನ್ನು ಕಂಕುಳಲ್ಲಿ ಇರುಕಿಕೊಂಡು ಬೀಡಿ ಸೇದುತ್ತಿದ್ದರು. ಈ ಊರಿನಲ್ಲಿ ಎಲ್ಲರೂ ವೇಷದವರೇ ಎಂದು ಆಕೆ ಬಂದ ವಾರವೇ ತೀರ್ಮಾನಿಸಿದಳು. ಆ ತೀರ್ಮಾನವನ್ನು ಬದಲಾಯಿಸುವಂಥದ್ದೇನೂ ಇಪ್ಪತ್ತು ವರ್ಷ ನಡೆಯಲಿಲ್ಲ.

ಕರಾವಳಿಯಿಂದ ಬಂದ ಕನ್ನಡ ಕ್ರೈಸ್ತರದ್ದು ಅಲ್ಲೊಂದು ಪುಟ್ಟ ಸಭೆ. ಸ್ವಂತ ದೇವಾಲಯವಿಲ್ಲ. ತಮಿಳರ ದೇವಾಲಯವೊಂದರಲ್ಲಿ ಅವರ ಆರಾಧನೆಯೆಲ್ಲ ಮುಗಿದು, ಅವರು ಮನೆಗೆ ಹೋಗಿ ಉಂಡು ಮಲಗಿದ ಮೇಲೆ, ಭಾನುವಾರ ಮಧ್ಯಾಹ್ನ ಇವರಿಗೆ ಜಾಗ. ಸೆಕೆಗೆ ಗೋಡೆಗಳೂ ಬೆವರುವ ಹೊತ್ತು. ಅಯ್ಯನವರು, ಅಂದರೆ ಸಭೆಯ ಬೋಧಕರು, ಸಾಧು ಮನುಷ್ಯ. ಅವರ ಹತ್ತಿರ ಇದ್ದದ್ದೇ ಒಂದು ಪ್ರಸಂಗ, ಅದನ್ನೇ ವರ್ಷವಿಡೀ ತಿರುವಿ ಮುರುವಿ ಹೇಳುತ್ತಿದ್ದರು. ನಮ್ಮ ಕೈಯಲ್ಲಿರುವುದು ಯಾವುದೂ ನಮ್ಮದಲ್ಲ, ನಾವು ಯಜಮಾನನ ಸೊತ್ತು ನೋಡಿಕೊಳ್ಳುವ ಮನೆವಾರ್ತೆಯವರು ಮಾತ್ರ; ದೇವರ ಕೃಪೆ ಬಿಟ್ಟಿ ಸಿಕ್ಕಿದ್ದು, ಒಳ್ಳೆಯ ಕೆಲಸ ಮಾಡಿ ಅದರ ಬೆಲೆ ಕಟ್ಟಲಾಗದು, ಸಿಕ್ಕಿದ ಸಂತೋಷಕ್ಕೆ ಮಾಡಬಹುದು, ಅಷ್ಟೇ. ಸುಗುಣಾಬಾಯಿಗೆ ಈ ಮಾತು ಬಾಯಿಪಾಠ. ‘ಬಿಟ್ಟಿ’ ಎಂಬ ಪದ ಬಂದಾಗಲೆಲ್ಲ ಆಕೆಗೆ ಮೈ ಉರಿಯುತ್ತಿತ್ತು. ಆಕೆಯ ತಂದೆ ಮಿಷನ್ ಶಾಲೆಯ ಹೆಡ್ಮಾಸ್ತರರು. ಅವರ ಮನೆಯಲ್ಲಿ ಬಿಟ್ಟಿ ಎಂದರೆ ಬೈಗುಳ. ಬಿಟ್ಟಿ ಸಿಕ್ಕಿದ್ದನ್ನು ಸೋಮಾರಿಗಳು ತೆಗೆದುಕೊಳ್ಳುತ್ತಾರೆ, ಮಧ್ವರಾಜ ಮನೆತನಕ್ಕೆ ಕೊಟ್ಟ ಹೆಣ್ಣು ತೆಗೆದುಕೊಳ್ಳುವುದಿಲ್ಲ ಎಂಬುದು ಆಕೆಯ ಸಿದ್ಧಾಂತ.

ಇನ್ನು ಗಂಡ ಕಾಂತಪ್ಪ ಮಧ್ವರಾಜ. ವಿಮಾ ಕಂಪೆನಿಯ ಅಧಿಕಾರಿ, ಸಭೆಯ ಹಿರಿಯ, ಧರ್ಮಿಷ್ಠ. ಆತನ ಧರ್ಮಕ್ಕೆಲ್ಲ ಬಣ್ಣದ ಡಬ್ಬಿ ಮತ್ತು ಕುಂಚ ಬೇಕು. ಸಭೆಗೆ ಟ್ಯೂಬ್‌ಲೈಟು ಕೊಟ್ಟ; ಕೊಳವೆಯ ಮೇಲೆ ‘ಕಾಂತಪ್ಪ ಮಧ್ವರಾಜ ದಂಪತಿಗಳ ಕಾಣಿಕೆ’ ಎಂದು ಕೆಂಪಕ್ಷರದಲ್ಲಿ ಬರೆಸಿದ ಮೇಲೆ ಕೆಳಗೆ ಕೂತವರಿಗೆ ಗೀತಾಪುಸ್ತಕ ಓದುವಷ್ಟು ಬೆಳಕು ಬೀಳಲಿಲ್ಲ. ಮುಂದಿನ ವರ್ಷ ಫ್ಯಾನು ಕೊಟ್ಟ. ಮೂರು ರೆಕ್ಕೆಗಳಿಗೂ ಹೆಸರು ಬರೆಸಿದ. ಫ್ಯಾನು ತಿರುಗಿದರೆ ಹೆಸರು ಕಾಣದು, ನಿಲ್ಲಿಸಿದರೆ ಜನ ಬೇಯುತ್ತಾರೆ. ಸೆಕೆ ಕಡಿಮೆಯಾದ ಒಂದು ಮಾರ್ಗಳಿ ತಿಂಗಳಲ್ಲಿ ಅವನು ಸ್ವಿಚ್ಚಿನ ಪಕ್ಕ ಕೂತು, ಯಾರಾದರೂ ಹೊಸಬರು ಒಳಗೆ ಬಂದಾಗ ಫ್ಯಾನು ಆರಿಸಿದ್ದನ್ನು ಸುಗುಣಾಬಾಯಿ ತನ್ನ ಕಣ್ಣಾರೆ ಕಂಡಿದ್ದಳು.

“ನಿಮ್ಮ ಹೆಸರನ್ನು ದೇವರಿಗೆ ಓದ್ಲಿಕ್ಕೆ ಕಷ್ಟ ಆಗ್ತದೆ ಅಂತ ಹೆದರಿಕೆಯಾ?” ಎಂದು ಆಕೆ ಅಂದು ಊಟಕ್ಕೆ ಬಡಿಸುತ್ತ ಕೇಳಿದಳು.

“ನಾಲ್ಕು ಜನ ನೋಡಿದ್ರೆ ನಾಲ್ಕು ಜನಕ್ಕೆ ಕೊಡ್ಬೇಕು ಅಂತ ಅನ್ನಿಸ್ತದೆ. ಎಲ್ಲ ನಿನಗೆ ಹೇಳಿ ಮಾಡ್ಲಿಕ್ಕಾಗುದಿಲ್ಲ,” ಎಂದು ಕಾಂತಪ್ಪ ಸಾರಿನ ಸೌಟಿಗೆ ಕೈ ಹಾಕಿದ.

ಕಾಲೇಜಿಗೆ ಹೋಗುವ ಮಗಳು ಕನ್ನಡ ತಿಳಿದರೂ ಆಡುತ್ತಿರಲಿಲ್ಲ. ಅವಳು ತಟ್ಟೆಯಿಂದ ತಲೆಯೆತ್ತಿ, “ಅಮ್ಮಾ, ಉನಕ್ಕು ಯಾರೈಯುಮೇ ಪಿಡಿಕ್ಕಾದಾ?” ಎಂದು ಕೇಳಿದಳು. ನಿನಗೆ ಯಾರೂ ಇಷ್ಟವೇ ಆಗುವುದಿಲ್ಲವೇ ಎಂದು.

“ಇಷ್ಟ ಆಗುವ ಹಾಗೆ ಇರ್ಬೇಕಲ್ಲ ಮಗಾ,” ಎಂದಳು ಸುಗುಣಾಬಾಯಿ. ಆ ಮಾತಿನಲ್ಲಿ ಆಕೆಗೆ ಯಾವ ತಪ್ಪೂ ಕಾಣಲಿಲ್ಲ.

ಗಂಡನ ಧರ್ಮ ಹಾದಿಯಲ್ಲಿ ಡಂಗುರ ಹೊಡೆದರೆ ತನ್ನದು ಒಲೆಯ ಪಕ್ಕದಲ್ಲಿ ಸದ್ದಿಲ್ಲದೆ ನಡೆಯುತ್ತದೆ ಎಂಬ ಹೆಮ್ಮೆ ಆಕೆಗೆ. ಅದು ಹಿಡಿ ಅಕ್ಕಿಯ ಪದ್ಧತಿ. ಊರಿನಲ್ಲಿ ಆಕೆಯ ಅಜ್ಜಿಯ ಕಾಲದಿಂದ ಇದ್ದದ್ದು. ಪ್ರತಿ ಸಲ ಅನ್ನಕ್ಕಿಡುವಾಗ, ಅಳೆದ ಅಕ್ಕಿಯಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಮೇಲಿನಿಂದ ಒಂದು ಹಿಡಿ ಸೇರಿಸಿ ಸರಿದೂಗಿಸುವ ಹಾಗಿಲ್ಲ. ಮನೆಯವರು ಆ ಹಿಡಿಯಷ್ಟು ಕಡಿಮೆಯೇ ಉಣ್ಣಬೇಕು. ತಿಂಗಳ ಮೊದಲ ಭಾನುವಾರ ಹೆಂಗಸರು ತಮ್ಮ ತಮ್ಮ ಡಬ್ಬಿಗಳನ್ನು ತಂದು ದೇವಾಲಯದಲ್ಲಿ ಒಂದೇ ಬುಟ್ಟಿಗೆ ಸುರಿಯುತ್ತಾರೆ, ಆಮೇಲೆ ಅದು ಇಲ್ಲದವರ ಮನೆಗೆ ಹೋಗುತ್ತದೆ. ಮದರಾಸಿನಲ್ಲಿ ಸತ್ತೇ ಹೋಗಿದ್ದ ಈ ಪದ್ಧತಿಯನ್ನು ಎಬ್ಬಿಸಿ ಕೂರಿಸಿದವಳು ಸುಗುಣಾಬಾಯಿ. ಅದಕ್ಕೇ ಸ್ತ್ರೀಸಂಘದಲ್ಲಿ ಆಕೆಗೆ ಹಿಡಿ ಅಕ್ಕಿಯ ಬಾಯಿ ಎಂದೇ ಹೆಸರು.

ಆದರೆ ಊರಿನಲ್ಲಿ ಎಲ್ಲರ ಮನೆಯದೂ ಒಂದೇ ಕುಚ್ಚಲಕ್ಕಿ. ಇಲ್ಲಿ ಹಾಗಲ್ಲ. ಒಬ್ಬಳದು ಕುಚ್ಚಲಕ್ಕಿ, ಒಬ್ಬಳದು ಕುದಿಸದ ಬಿಳಿ ಬೆಳ್ತಿಗೆ, ಬ್ಯಾಂಕಿನ ಜಲಜಾಕ್ಷಿಯದು ಹಳೆಯ ಸಣ್ಣಕ್ಕಿ. ಎಲ್ಲ ಬೆರೆತರೆ ಒಂದು ಬೇಯುವಷ್ಟರಲ್ಲಿ ಇನ್ನೊಂದು ಅಂಟಾಗುತ್ತದೆ, ಗಂಜಿ ಮಾಡದೆ ಬೇರೆ ದಾರಿಯಿಲ್ಲ. ಅದನ್ನಾದರೂ ಸುಗುಣಾಬಾಯಿ ಸಹಿಸಿಕೊಂಡಳು. ಸಹಿಸಲಾಗದ್ದು ಇನ್ನೊಂದು. ಕೆಲವರು ಮನೆಯಲ್ಲಿ ಒಳ್ಳೆಯದನ್ನು ಉಂಡು, ಡಬ್ಬಿಗೆ ಮಾತ್ರ ನುಚ್ಚು, ಹುಳ ಬಿದ್ದದ್ದನ್ನು ತುಂಬಿಸಿ ತರುತ್ತಾರೆಂದು ಆಕೆಗೆ ಗುಮಾನಿ. ಆದ್ದರಿಂದ ಆಕೆ ಹೊಸ ಕಟ್ಟಳೆ ಮಾಡಿದಳು. ಯಾರೂ ನೇರ ಬುಟ್ಟಿಗೆ ಸುರಿಯಬಾರದು. ಮೊದಲು ಆಕೆಯ ಗೆರಸೆಗೆ, ಅಂದರೆ ಮೊರಕ್ಕೆ, ಸುರಿಯಬೇಕು. ಕೋಡಂಬಾಕ್ಕಂನಿಂದ ಬಸ್ಸಿನಲ್ಲಿ ಗೆರಸೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿದ್ದಳು. ಬೆಂಚಿನ ಮೇಲೆ ಕೂತು ಒಬ್ಬೊಬ್ಬರ ಅಕ್ಕಿಯನ್ನು ಕೇರಿ, ಮೂಸಿ, ಒಂದು ಕಾಳು ಹಲ್ಲಿಗೆ ಹಾಕಿ ಕಡಿದು, ತೇರ್ಗಡೆ ಮಾಡುತ್ತಿದ್ದಳು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಿದರಂತೆ ಎಂದು ಗಾದೆ ಮಾಡಿದವರಿಗೆ ಈ ದೃಶ್ಯ ಕಾಣುವ ಭಾಗ್ಯ ಇರಲಿಲ್ಲ.

“ನೀನು ಉಣ್ಣುವ ಅಕ್ಕಿಯೇ ದೇವರಿಗೆ ಕೊಡುವ ಅಕ್ಕಿ. ಬೇರೆಯದಾದ್ರೆ ನಂಗೆ ಬೇಡ, ದೇವರಿಗೂ ಬೇಡ,” ಎಂಬುದು ಆಕೆಯ ವಾಕ್ಯ. ತನ್ನ ಡಬ್ಬಿಯನ್ನು ಎಲ್ಲರಿಗಿಂತ ಮೊದಲು ಗೆರಸೆಗೆ ಸುರಿದು ತೋರಿಸುತ್ತಿದ್ದಳು. ಕೆಂಪನೆಯ, ದುಂಡನೆಯ ಊರಿನ ಕುಚ್ಚಲಕ್ಕಿ. ಆ ಕಾಲದಲ್ಲಿ ರಾಜ್ಯದ ಗಡಿ ದಾಟಿಸಿ ಅಕ್ಕಿ ತರುವುದು ಕಾನೂನಿಗೆ ವಿರುದ್ಧ. ಆಕೆಯ ತಮ್ಮ ಮಂಗಳೂರು ಮೇಲ್ ರೈಲಿನಲ್ಲಿ ಬರುವಾಗ ಹಾಸಿಗೆ ಸುರುಳಿಯೊಳಗೆ ಅಡಗಿಸಿ ತರುತ್ತಿದ್ದ. ಕಳ್ಳಸಾಗಣೆಯ ಅಕ್ಕಿಯಾದರೇನು, ಕೇರಿ ಆರಿಸಿದ್ದು.

ಎಪ್ಪತ್ತರ ದಶಕದ ನಡುವೆ ಅಕ್ಕಿಗೆ ತತ್ವಾರವಾದ ವರ್ಷ ಅದು. ರೇಷನ್ ಅಂಗಡಿಯಲ್ಲಿ ಸಿಗುತ್ತಿದ್ದ ಅಕ್ಕಿಗೆ ಗೋಣಿಯ, ಸೀಮೆಎಣ್ಣೆಯ, ಸತ್ತ ಇಲಿಯ ವಾಸನೆ. ಮಧ್ವರಾಜರ ಮನೆಗೂ ಕಾರ್ಡು ಇತ್ತು. ಬಿಟ್ಟರೆ ಕಾರ್ಡು ರದ್ದಾಗುತ್ತದೆಂದು ಅಕ್ಕಿ ತರಿಸುತ್ತಿದ್ದರು, ಉಣ್ಣುತ್ತಿರಲಿಲ್ಲ. ಆ ಚೀಲ ಅಡುಗೆಮನೆಯ ಹೊಸಿಲು ದಾಟಿದ್ದಿಲ್ಲ. ಹಿಂದಿನ ಜಗಲಿಯಲ್ಲಿ ಪೊರಕೆಯ ಪಕ್ಕ ಕೂರುತ್ತಿತ್ತು. ದೇವಾಲಯದ ಬಾಗಿಲು ತೆಗೆದು ಬೆಂಚು ಒರೆಸುವ ಐತ ತಿಂಗಳಿಗೊಮ್ಮೆ ಬಂದು ಅದನ್ನು ಹೊತ್ತೊಯ್ಯುತ್ತಿದ್ದ.

“ಯಾರಾದ್ರೂ ಬಡವರಿಗೆ ಕೊಡು ಐತ. ಯಾರು ಕೊಟ್ಟದ್ದೂಂತ ಅವರಿಗೆ ಹೇಳ್ಬೇಡ. ಯಾರಿಗೆ ಕೊಟ್ಟೆ ಅಂತ ನಂಗೂ ಹೇಳ್ಬೇಡ,” ಎನ್ನುತ್ತಿದ್ದಳು ಸುಗುಣಾಬಾಯಿ.

ತಾನು ಮಾಡುವ ಕೆಲಸಗಳಲ್ಲಿ ಇದೇ ಅತ್ಯಂತ ಪವಿತ್ರವಾದದ್ದು ಎಂದು ಆಕೆ ನಂಬಿದ್ದಳು. ಹೆಸರಿಲ್ಲ, ಸದ್ದಿಲ್ಲ, ಥ್ಯಾಂಕ್ಸಿಲ್ಲ. ಕುಂಚ ಹಿಡಿದು ಓಡಾಡುವ ಗಂಡನೆಲ್ಲಿ, ತಾನೆಲ್ಲಿ! ಆ ಚೀಲಕ್ಕೂ ತನ್ನ ಗೆರಸೆಯ ಕಟ್ಟಳೆಗೂ ಏನಾದರೂ ಸಂಬಂಧವಿದೆ ಎಂದು ಒಂದು ದಿನವಾದರೂ ಹೊಳೆಯಲಿಲ್ಲ. ಗೆರಸೆಯದು ದೇವರಿಗೆ ಕೊಟ್ಟದ್ದು, ಜಗಲಿಯದು ಬಡವರಿಗೆ. ಎರಡೂ ಬೇರೆ ಬೇರೆ ವಿಳಾಸ ಎಂದು ಆಕೆಯ ಲೆಕ್ಕ.

ಸಭೆಯಲ್ಲಿ ಸುಗುಣಾಬಾಯಿಯ ತಿರಸ್ಕಾರ ದಂಡಿಯಾಗಿ ಸಿಗುತ್ತಿದ್ದದ್ದು ಬೇಬಿಗೆ. ಬೇಬಿ ರಾಯಪುರಂನವಳು. ಗಂಡ ಹಾರ್ಬರಿನಲ್ಲಿ ಮೂಟೆ ಹೊರುತ್ತಿದ್ದವನು, ಸತ್ತು ಬಹಳ ಕಾಲವಾಗಿತ್ತು. ಅವಳು ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಸುಗುಣಾಬಾಯಿಗಿಂತ ಐದಾರು ವರ್ಷಕ್ಕೆ ಹಿರಿಯಳಾದರೂ ಇವಳು ಅವಳನ್ನು ನೀನು ಎನ್ನುತ್ತಿದ್ದಳು, ಅವಳು ಇವಳನ್ನು ನೀವು. ಬೇಬಿಯನ್ನು ಮೆಚ್ಚಿಕೊಳ್ಳಬೇಕು ಎನ್ನುವಂಥದ್ದು ನಿಜವಾಗಿಯೂ ಹೆಚ್ಚಿರಲಿಲ್ಲ. ನಶ್ಯ ಏರಿಸುತ್ತಿದ್ದಳು, ಅದನ್ನು ಸೆರಗಿಗೆ ಒರೆಸುತ್ತಿದ್ದಳು. ಪ್ರಸಂಗ ಶುರುವಾದೊಡನೆ ಗೊರಕೆ. ಗೀತೆಯನ್ನು ಎಲ್ಲರೂ ಮುಗಿಸಿದ ಮೇಲೂ ಕೊನೆಯ ಸಾಲನ್ನು ತಾನೊಬ್ಬಳೇ ಎಳೆಯುತ್ತ ನಿಂತಿರುತ್ತಿದ್ದಳು. ಕೊಡೆ ಎರವಲು ಕೊಂಡರೆ ಮಳೆಗಾಲ ಮುಗಿದ ಮೇಲೆಯೇ ಕೊಡುವವಳು. ಅವಳ ಕನ್ನಡಕ್ಕೆ ರಾಯಪುರಂನ ಮೀನು ಮಾರುಕಟ್ಟೆಯ ತಮಿಳು ಅಂಟಿಕೊಂಡು, ಕೇಳಿದರೆ ಸುಗುಣಾಬಾಯಿಗೆ ತಲೆನೋವು ಬರುತ್ತಿತ್ತು. ಇಂಥವರನ್ನೂ ದೇವರು ಬಿಟ್ಟಿಯಾಗಿ ಸೇರಿಸಿಕೊಳ್ಳುವುದಾದರೆ, ಕೇರಿ ಆರಿಸಿ ಬದುಕಿದ ತನಗೆ ಸಿಗುವ ಮರ್ಯಾದೆಯೇನು ಎಂಬ ಪ್ರಶ್ನೆ ಆಕೆಯ ಮನಸ್ಸಿನಲ್ಲಿ ಬಂದದ್ದುಂಟು. ಅದನ್ನು ಯಾರೆದುರೂ ಆಡಿರಲಿಲ್ಲ.

ಬೇಬಿ ಅಷ್ಟು ದಿನವೂ ಹಿಡಿ ಅಕ್ಕಿ ತಂದವಳಲ್ಲ. ಆ ವರ್ಷ ಆಗಸ್ಟಿನ ಮೊದಲ ಭಾನುವಾರ, ಆರಾಧನೆ ಮುಗಿದು ಹೆಂಗಸರು ಗೆರಸೆಯೆದುರು ಸಾಲಾಗಿ ನಿಂತಾಗ, ಬೇಬಿಯೂ ಒಂದು ಹಾಲಿನ ಪುಡಿಯ ಡಬ್ಬಿ ಹಿಡಿದು ಕೊನೆಯಲ್ಲಿ ನಿಂತಿದ್ದಳು. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು.

“ನಾನೂ ಈ ತಿಂಗಳಿಂದ ಶುರು ಮಾಡಿದ್ದೇನೆ ಬಾಯಿ,” ಎಂದು ಡಬ್ಬಿ ಬಗ್ಗಿಸಿದಳು.

ಅಕ್ಕಿ ಗೆರಸೆಗೆ ಬೀಳುತ್ತಿದ್ದಂತೆ ವಾಸನೆ ಎದ್ದಿತು. ಕಪ್ಪು ಕಾಳು, ಹಳದಿ ಕಾಳು, ನಡುವೆ ನುಸಿ ಹರಿದಾಡುತ್ತಿತ್ತು. ಸುಗುಣಾಬಾಯಿ ಇಂಥ ಒಂದು ದಿನಕ್ಕಾಗಿಯೇ ಕಾಯುತ್ತಿದ್ದಳು ಎಂದರೆ ಸುಳ್ಳಲ್ಲ. ಆಕೆ ಮೂಸುವ ಗೋಜಿಗೆ ಹೋಗಲಿಲ್ಲ. ಗೆರಸೆಯನ್ನು ಎರಡೂ ಕೈಯಲ್ಲಿ ಎತ್ತಿ, ಎಲ್ಲರಿಗೂ ಕಾಣುವಂತೆ ಹಿಡಿದಳು.

“ಬೇಬಿ, ಇದನ್ನು ಕೋಳಿಗೆ ಹಾಕಿದ್ರೆ ಕೋಳಿಯೂ ಮುಖ ತಿರುಗಿಸ್ತದೆ. ನೀನು ದೇವರ ಮುಂದೆ ತಂದು ಸುರಿದೆಯಲ್ಲ, ನಾಚಿಕೆ ಆಗುದಿಲ್ಲವಾ? ಕೊಡ್ಲಿಕ್ಕೆ ಇಲ್ಲದಿದ್ರೆ ಸುಮ್ಮನಿರ್ಬೇಕು. ಕಸ ಹಾಕುವ ತೊಟ್ಟಿಯಾ ಇದು?”

ಹೆಂಗಸರು ಮೂಗಿಗೆ ಸೆರಗು ಹಿಡಿದರು. ಜಲಜಾಕ್ಷಿ “ಶ್ಶೀ” ಎಂದಳು. ಬೇಬಿಯ ನಗು ಪೂರ್ತಿ ಹೋಗಲಿಲ್ಲ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತುಟಿಯ ಒಂದು ಬದಿಯಲ್ಲಿ ಉಳಿದುಕೊಂಡಿತು.

“ನಾನು ಉಣ್ಣುದೇ ಅದು ಬಾಯಿ,” ಎಂದಳು ಬೇಬಿ. “ನೀವು ಹೇಳಿದ್ರಲ್ಲ, ಉಣ್ಣುವ ಅಕ್ಕಿಯೇ ತರ್ಬೇಕೂಂತ. ನಂಗೆ ಕೊಂಡುಕೊಳ್ಳುವಷ್ಟು ದುಡ್ಡಿನ ವಸತಿ ಇಲ್ಲೆ. ಈ ಪುಣ್ಯಾತ್ಮ ಐತ ತಿಂಗಳಿಗೊಂದು ಚೀಲ ತಂದು ಕೊಡ್ತಾನೆ. ಸಭೆಯ ಯಾರೋ ಕಳಿಸುದಂತೆ, ಹೆಸರು ಹೇಳುದಿಲ್ಲ. ಚೀಲ ಬರ್ಲಿಕ್ಕೆ ಶುರುವಾದ ಮೇಲೆ ನಂಗೂ ಒಂದು ಹಿಡಿ ತೆಗೀಲಿಕ್ಕೆ ಆಗ್ತಾ ಉಂಟು.”

ಸುಗುಣಾಬಾಯಿಯ ಕೈಯಲ್ಲಿ ಗೆರಸೆ ಹಾಗೆಯೇ ಇತ್ತು. ಗೋಣಿ, ಸೀಮೆಎಣ್ಣೆ, ಸತ್ತ ಇಲಿ. ಜಗಲಿಯ ಪೊರಕೆಯ ಪಕ್ಕದ ವಾಸನೆ. ಅದನ್ನು ಆಕೆ ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು, ಅಷ್ಟು ಹೊತ್ತು ಗುರುತು ಹಿಡಿಯದಿದ್ದದ್ದೇ ಆಶ್ಚರ್ಯ. ಬಾಗಿಲ ಬಳಿ ನಿಂತಿದ್ದ ಐತ ಚಪ್ಪಲಿಗಳನ್ನು ಜೋಡಿಸುವ ಕೆಲಸದಲ್ಲಿ ಮುಳುಗಿಹೋದ.

ಆಗ ಹೆಂಗಸರು ಬೇಬಿಯನ್ನು ಬಿಟ್ಟು ಕಾಣದ ದಾನಿಯ ಮೇಲೆ ಬಿದ್ದರು. “ಇಂಥಾ ಅಕ್ಕಿ ಕಳಿಸುವವರೂ ಉಂಟಾ? ತಾವು ಉಣ್ಣದ್ದನ್ನು ಬಡವರಿಗೆ ದೂಡುದು! ಬಡವರ ಹೊಟ್ಟೆಯೇನು ಕಸ ಹಾಕುವ ತೊಟ್ಟಿಯಾ?” ಎಂದಳು ಜಲಜಾಕ್ಷಿ. ಮಾತು ಸುಗುಣಾಬಾಯಿಯದೇ; ವರ್ಷಗಟ್ಟಲೆ ಆಕೆಯೇ ಕಲಿಸಿದ್ದು. “ಅಲ್ಲವಾ ಬಾಯಿ?” ಎಂದು ಎಲ್ಲರೂ ಆಕೆಯ ಮುಖ ನೋಡಿದರು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸುಗುಣಾಬಾಯಿ ತಲೆಯಾಡಿಸಿದಳು. ಹೌದೆಂದು ತಲೆಯಾಡಿಸಿದಳು! ಇಷ್ಟು ವರ್ಷ ಊರವರ ವೇಷ ಕಂಡು ನಕ್ಕ ಆ ಮಹಾಸಾಧ್ವಿ, ತನ್ನ ಸರದಿ ಬಂದಾಗ ಕಿರೀಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೇಬಿಯ ಅಕ್ಕಿಯನ್ನು ಬುಟ್ಟಿಗೆ ಸುರಿದು, ಗೆರಸೆಯನ್ನು ಪೇಪರಿನಲ್ಲಿ ಸುತ್ತಿ, ತಲೆನೋವೆಂದು ಹೇಳಿ ಬಸ್ಸು ಹತ್ತಿದಳು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವುದು ಎಂದು ಆಕೆಯ ತಂದೆ ಶಾಲೆಯಲ್ಲಿ ಮಕ್ಕಳಿಗೆ ಅರ್ಥ ಬಿಡಿಸಿ ಹೇಳುತ್ತಿದ್ದ ಗಾದೆ. ಆ ವಾರವಿಡೀ ಅದು ಆಕೆಯ ಕಿವಿಯಲ್ಲಿ ತಂದೆಯ ದನಿಯಲ್ಲೇ ಕೇಳಿಸಿತು. ಕುಚ್ಚಲಕ್ಕಿ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಬೇಬಿಯ ಮೇಲೆ ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಬಡವಳು ಕೊಟ್ಟದ್ದನ್ನು ಬೇಯಿಸಿ ತಿಂದು ಬಾಯಿ ಮುಚ್ಚಿಕೊಂಡಿರಬೇಕು, ಅದರಲ್ಲಿ ತಾನೂ ಒಂದು ಹಿಡಿ ಕೊಡುತ್ತೇನೆಂದು ಬರುವುದು ಎಂಥ ಅಧಿಕಪ್ರಸಂಗ! ಹೀಗೆ ಬೈದುಕೊಂಡರೂ ಸಮಾಧಾನವಾಗಲಿಲ್ಲ. ತನ್ನ ಕಟ್ಟಳೆಯನ್ನು ಸಭೆಯಲ್ಲಿ ಅಕ್ಷರಶಃ ಪಾಲಿಸಿದವಳು ಆ ನಶ್ಯದವಳೊಬ್ಬಳೇ ಎಂಬುದು ಆಕೆಗೆ ಗೊತ್ತಿತ್ತು. ಇಷ್ಟು ದಿನ ದೇವರೆದುರು ತಲೆಯೆತ್ತಿ ನಿಂತಿದ್ದವಳಿಗೆ ಈಗ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಗೆರಸೆಯೇ ಕಾಣುತ್ತಿತ್ತು. ಅವಮಾನದಿಂದ ಆಕೆಗೆ ಅಳು ಬಂತು, ಅತ್ತದ್ದಕ್ಕೆ ಮತ್ತೆ ಅವಮಾನವಾಯಿತು.

ಕೊನೆಗೆ ಗಂಡನಿಗೆ ಹೇಳಿದಳು. ಕಾಂತಪ್ಪ ಪೇಪರು ಮಡಿಸಿಟ್ಟು ಪೂರ್ತಿ ಕೇಳಿದ.

“ಇಷ್ಟಕ್ಕೆ ಯಾಕೆ ಮುಖ ಬಾಡಿಸಿಕೊಂಡಿದ್ದಿ? ಯಾರಿಗೂ ಗೊತ್ತಿಲ್ಲವಲ್ಲ. ಒಂದು ಮೂಟೆ ಒಳ್ಳೇ ಅಕ್ಕಿ ಕಳಿಸಿಬಿಡು, ಅಲ್ಲಿಗಲ್ಲಿಗೆ ಸರಿಹೋಗ್ತದೆ,” ಎಂದ. ಸ್ವಲ್ಪ ಯೋಚಿಸಿ, “ಮೂಟೆಯ ಮೇಲೆ ಹೆಸರು ಬರೆಸುದಾದ್ರೆ ನಮ್ಮ ಆಫೀಸಿನ ಪೇಂಟರ್ ಇದ್ದಾನೆ,” ಎಂದು ಸೇರಿಸಿದ.

ಸುಗುಣಾಬಾಯಿ ಗಂಡನನ್ನು ದಿಟ್ಟಿಸಿ ನೋಡಿದಳು. ಆ ಮನುಷ್ಯನನ್ನು ಎಂದಿನಂತೆ ತಿರಸ್ಕರಿಸಲು ಪ್ರಯತ್ನಪಟ್ಟಳು, ಆಗಲಿಲ್ಲ. ಮೂಟೆಯ ವಿಚಾರ ಅವನು ಬಾಯಿ ತೆಗೆಯುವ ಮೊದಲೇ ಆಕೆಯ ತಲೆಯಲ್ಲಿ ತಯಾರಾಗಿ ಕೂತಿತ್ತು. ಇಬ್ಬರಿಗೂ ಇದ್ದ ವ್ಯತ್ಯಾಸ ಒಂದು ಕುಂಚದಷ್ಟೇ.

ಆದರೂ ಮೂಟೆಯನ್ನೇ ಒಯ್ದಳು. ಬೇರೆ ಏನು ಮಾಡಬೇಕೆಂದು ಆಕೆಗೆ ಯಾರೂ ಕಲಿಸಿರಲಿಲ್ಲ. ತಮ್ಮ ತಂದಿಟ್ಟಿದ್ದ ಕುಚ್ಚಲಕ್ಕಿಯನ್ನು ಡಬ್ಬದ ತಳ ಕಾಣುವವರೆಗೆ ಮೂಟೆಗೆ ತುಂಬಿಸಿ, ಶನಿವಾರ ನಡುಮಧ್ಯಾಹ್ನ ರಾಯಪುರಂ ಸ್ಟೇಷನ್ನಿನ ಬಳಿ ಸೈಕಲ್ ರಿಕ್ಷಾ ಹಿಡಿದು, ಮೂಟೆಯನ್ನು ಕಾಲ ಬಳಿ ಇಟ್ಟುಕೊಂಡು ಬೇಬಿಯ ಓಣಿ ಹುಡುಕಿದಳು. ಹಾದಿಯುದ್ದಕ್ಕೂ ಮೀನು ಒಣಹಾಕಿದ್ದರು. ಹೇಳಬೇಕಾದ ಮಾತನ್ನು ಆಕೆ ಬಾಯಿಪಾಠ ಮಾಡಿದ್ದಳು. ತಪ್ಪಾಯಿತು ಎಂಬುದು ಅದರಲ್ಲಿ ಕೊನೆಗೆ ಬರುತ್ತಿತ್ತು, ಮೂಟೆ ಮೊದಲು.

ಬೇಬಿ ರಾತ್ರಿಯ ಡ್ಯೂಟಿ ಮುಗಿಸಿ ಬಂದು ಮಲಗಿ ಎದ್ದು, ಹೊಸಿಲಲ್ಲಿ ಕೂತು ನಶ್ಯ ಏರಿಸುತ್ತಿದ್ದಳು. ರಿಕ್ಷಾದವನು ಮೂಟೆಯನ್ನು ಹೆಗಲಿಗೆ ಏರಿಸುವುದನ್ನು ಕಂಡು ಎದ್ದು ನಿಂತಳು.

“ಅಯ್ಯೋ, ಅದನ್ನು ಒಳಗೆ ತರ್ಬೇಡ, ಅಲ್ಲೇ ಇಡಪ್ಪ,” ಎಂದು ರಿಕ್ಷಾದವನಿಗೆ ಹೇಳಿ, “ನೀವು ಬನ್ನಿ ಬಾಯಿ,” ಎಂದಳು.

“ಬೇಬಿ, ಇದು ನಿಂಗೇ ತಂದದ್ದು. ಊರಿನ ಅಕ್ಕಿ. ನಾನು ಆ ದಿವಸ...” ಸುಗುಣಾಬಾಯಿಯ ಬಾಯಿಪಾಠ ಅಲ್ಲೇ ತುಂಡಾಯಿತು. “ಆ ಚೀಲ ಕಳಿಸ್ತಿದ್ದದ್ದು ನಾನು.”

“ಗೊತ್ತುಂಟು.”

“ಗೊತ್ತುಂಟಾ? ಯಾರು ಹೇಳಿದ್ದು?”

“ಐತನ ಹೊಟ್ಟೆಯಲ್ಲಿ ಮಾತು ನಿಲ್ಲುದುಂಟಾ? ಮೊದಲನೇ ಚೀಲಕ್ಕೇ ಹೇಳಿದ್ದ.”

“ಹಾಗಾದ್ರೆ ಆ ದಿವಸ ಎಲ್ಲರ ಎದುರು ಹೇಳ್ಲಿಲ್ಲ ಯಾಕೆ? ನಾನು ನಿನ್ನನ್ನು ಅಷ್ಟು ಬೈದೆನಲ್ಲ.”

ಬೇಬಿ ಮೂಗೊರೆಸಿಕೊಂಡಳು. “ಹೇಳ್ಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು ಬಾಯಿ. ಸುಳ್ಳು ಯಾಕೆ ಹೇಳ್ಲಿ? ಹೇಳಿದ್ರೆ ಬರುವ ತಿಂಗಳು ಚೀಲ ನಿಂತುಹೋಗ್ತಿತ್ತು. ಮತ್ತೆ ನೀವು ಗೆರಸೆ ಹಿಡ್ಕೊಂಡು ನಿಂತದ್ದು ನೋಡಿದ್ರೆ ಪಾಪ ಅನ್ನಿಸ್ತು. ಪರವಾಯಿಲ್ಲೆ, ಅದು ಅಲ್ಲಿಗೆ ಮುಗೀತು. ಬನ್ನಿ ಒಳಗೆ, ಗಂಜಿ ಉಂಟು.”

“ಈ ಮೂಟೆ...”

“ಅದು ಹೊರಗೆ ಇರ್ಲಿ ಅಂದೆನಲ್ಲ. ಆಮೇಲೆ ನೋಡುವ. ಬರಿಗೈಯಲ್ಲಿ ಬಂದ್ರೆ ನಾನು ಒಳಗೆ ಬಿಡುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?”

ಸುಗು­ಣಾಬಾಯಿ ಮೂಟೆಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಯಾರ ಮನೆಗೂ ಆಕೆ ಹೀಗೆ ಹೋದವಳಲ್ಲ. ಕಡೆಗೊಂದು ಬಾಳೆಹಣ್ಣಿನ ಚಿಪ್ಪಾದರೂ ಕೈಯಲ್ಲಿ ಇರಬೇಕು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಸೆರಗಿನಲ್ಲಿ ಸುತ್ತಿಕೊಂಡು, ತಲೆ ತಗ್ಗಿಸಿ ಆ ಗಿಡ್ಡ ಬಾಗಿಲಿನೊಳಗೆ ಹೋದಳು. ಬೇಬಿ ಮಣೆ ಹಾಕಿದಳು. ಮಣ್ಣಿನ ಪಾತ್ರೆಯಿಂದ ಗಂಜಿ ಬಗ್ಗಿಸಿ, ಮೇಲೆ ಒಣ ನೆತ್ತಲಿ ಮೀನಿನ ಚಟ್ನಿ ಇಟ್ಟು ಎದುರು ತಂದಿಟ್ಟಳು.

ಗಂಜಿಗೆ ಅದೇ ವಾಸನೆ. ಬೇಬಿ ಎರಡು ಮೂರು ನೀರಿನಲ್ಲಿ ತೊಳೆದಿದ್ದರೂ ಅದು ಹೋಗಿರಲಿಲ್ಲ.

“ಬರುವ ಮೊದಲ ಭಾನುವಾರ ನಾನೇ ಎಲ್ಲರ ಎದುರು ಹೇಳ್ತೇನೆ, ಚೀಲ ನನ್ನದೂಂತ,” ಎಂದಳು ಸುಗುಣಾಬಾಯಿ ಬಟ್ಟಲು ನೋಡುತ್ತ. ಹೇಳುವಾಗಲೇ ಆಕೆಯ ದನಿ ನೆಟ್ಟಗಾಗಿತ್ತು, ಬೆನ್ನು ನೆಟ್ಟಗಾಗಿತ್ತು.

“ಹೇಳಿ. ಚಂದ ಮಾಡಿ ಹೇಳ್ಬೇಡಿ ಮಾತ್ರ,” ಎಂದಳು ಬೇಬಿ. “ನೀವು ಚಂದ ಮಾಡಿ ಹೇಳಿದ್ರೆ ಜಲಜಾಕ್ಷಿ ಅತ್ತುಬಿಡ್ತಾಳೆ. ಎಂಥಾ ದೊಡ್ಡ ಮನಸ್ಸೂಂತ ಎಲ್ಲ ನಿಮ್ಮನ್ನೇ ಹೊಗಳ್ತಾರೆ.”

ಬೆನ್ನು ಮತ್ತೆ ಬಾಗಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ಹೆಂಗಸು ತನ್ನನ್ನು ಇಷ್ಟು ಚೆನ್ನಾಗಿ ಬಲ್ಲವಳು, ಎಲ್ಲ ತಿಳಿದೂ ಮಣೆ ಹಾಕಿದ್ದಾಳೆ. ಅದಕ್ಕೆ ಪ್ರತಿಯಾಗಿ ಕೊಡಲು ಏನಿದೆ ಎಂದು ಸುಗುಣಾಬಾಯಿ ಅಭ್ಯಾಸಬಲದಿಂದ ಹುಡುಕಿದಳು. ಏನೂ ಇರಲಿಲ್ಲ. ಇದ್ದದ್ದು ಹೊರಗೆ ಬಿಸಿಲಿನಲ್ಲಿ ಬಿದ್ದಿತ್ತು, ಅದನ್ನು ಇಲ್ಲಿ ಯಾರೂ ಕೇಳಿರಲಿಲ್ಲ.

ಆಕೆ ಗಂಜಿ ಕುಡಿಯತೊಡಗಿದಳು. ಎರಡನೆಯ ಗುಟುಕಿಗೆ ಕಟಕ್ಕೆಂದಿತು. ಕಲ್ಲು. ದವಡೆಯ ಹಲ್ಲಿನಿಂದ ನೆತ್ತಿಯವರೆಗೆ ನೋವು ಹರಿಯಿತು. ಕಣ್ಣಲ್ಲಿ ನೀರು ತುಂಬಿದರೂ ಸುಗುಣಾಬಾಯಿ ಬಾಯಿ ತೆರೆಯಲಿಲ್ಲ. ಇದೇ ತನಗೆ ತಕ್ಕ ಶಿಕ್ಷೆ, ಇದನ್ನಾದರೂ ಪೂರ್ತಿ ಅನುಭವಿಸಿ ಮುಗಿಸುತ್ತೇನೆ ಎಂದು ಕಣ್ಣು ಮುಚ್ಚಿ, ಆ ಕಲ್ಲನ್ನು ನುಂಗಲು ಗಂಟಲು ಸರಿಮಾಡಿಕೊಂಡಳು.

“ಉಗೀರಿ ಬಾಯಿ, ಉಗೀರಿ,” ಎಂದು ಬೇಬಿ ಅಂಗೈಯನ್ನೇ ಆಕೆಯ ಬಾಯಿಯ ಕೆಳಗೆ ಹಿಡಿದಳು. “ಕಲ್ಲು ನುಂಗಿದ್ರೆ ದೇವರಿಗೆಂತ ಲಾಭ? ನಾನೂ ಉಗೀತೇನೆ, ದಿನಾ.”

ಸುಗುಣಾಬಾಯಿ ಉಗಿದಳು. ಬೇಬಿಯ ಕೈಗೇ ಉಗಿದಳು. ಬೇಬಿ ಅದನ್ನು ಬಾಗಿಲಾಚೆ ಎಸೆದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದಳು. ಸುಗುಣಾಬಾಯಿ ಬೇಡವೆನ್ನಲಿಲ್ಲ.